ಮಜ್ಜಿಗೆ ಫ್ಲಾಸ್ಕಿನ ವಾಸ್ನೆ

ಮಾವ,

ಮೊದಲ್ನೇ ಬಸ್ಸಿಗೆ ಮಂಡ್ಯದ ಆಸ್ಪತ್ರೆಗೆ ಓಯ್ತೀನಿ. ಮುದ್ದೆ ಮುಚ್ಚಿಟ್ಟಿವ್ನಿ, ಉಪ್ಸಾರು ಬಿಸಿ ಮಾಡ್ಕಳಿ.

ನೆನ್ನೆ ನೀವು ನಿಮ್ಮ ಮಗನಿಗೆ ಅಂತ ವಾರ್ಡಿಗೆ ತಂದಿದ್ದ ಮಜ್ಜಿಗೆ ಫ್ಲಾಸ್ಕು ತೊಳೆದಾಗ ಬ್ರಾಂದಿ ವಾಸ್ನೆ ಬಂತು. ನನ್ನ ಅನುಮಾನ ನಿಮ್ಮ ಮೇಲೇ. "ಪಾಪ, ಕುಡೀದೆ ಅವ್ನ ಕೈ ನಡುಗ್ತಾವೆ ಕಣಮ್ಮ" ಅಂತ ಕಣ್ಣೀರು ಹಾಕ್ದೋರು ನೀವೇ ಅಲ್ವಾ?

ಬೀಳದೇನೇ ಬೆನ್ನುಮೂಳೆ ಒಳಗೆ ರಕ್ತ ಸೋರಿ ಕಾಲು ಸ್ವಾಧೀನ ತಪ್ಪೋದು ಬಾಳ ಅಪರೂಪವಂತೆ. ಕುಡ್ದು ಕುಡ್ದು ಲಿವರ್ ಕೆಟ್ಟು, ರಕ್ತ ಹೆಪ್ಪುಗಟ್ಟೋ ಶಕ್ತಿ ಕಮ್ಮಿಯಾಗಿ ಇಂಗಾಗಿದೆ ಅಂದ್ರು ಡಾಕ್ಟ್ರು. ಆಪರೇಷನ್ ಆದ್ಮೇಲೆ ಈಗಷ್ಟೇ ಕಾಲಿನ ಹೆಬ್ಬೆರಳು ಆಡಿಸ್ತಾವ್ರೆ. ಮತ್ತೆ ಕುಡ್ದು ರಕ್ತ ಸೋರಿದ್ರೆ ಏಳೋದೇ ಕಷ್ಟವಂತೆ. ನಡುಕಕ್ಕೆ ಅಲ್ಲೇ ಮಾತ್ರೆ ಕೊಡ್ತಾರೆ.

ಮಧ್ಯಾಹ್ನ ಬನ್ನಿ. ಚೀಲ, ಜೇಬು ನೋಡಿಯೇ ನಿಮ್ಮನ್ನ ಒಳೀಕೆ ಬುಡ್ತೀನಿ. ಕ್ವಾಪ ಮಾಡ್ಕಬ್ಯಾಡಿ ಮಾವ, ನಂಗೆ ಅವ್ರು ಎದ್ದು ನಿಂತ್ಕಬೇಕು.

ಶ್ವೇತ