ಮಾಲಿನಿಯ ರೈಫಲ್ಲಿಗೆ ಹೊಸ ಹಾಸು

ಕೆಲಮಂಗಲ
12-7-2024

ಚಿ. ಸೌ. ಮಾಲಿನಿಗೆ ನಿನ್ನ ಮಾವ ನಾರಾಯಣಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ನಮ್ಮ ಮಗ ವೇಣು ಜ್ವರದಲ್ಲಿ ಹೋದ ಮೇಲೆ ನಿನಗೆ ಬರೆಯುವಾಗ ಹೆಸರಿನ ಮುಂದಿನ ‘ಸೌ.’ ಬಿಟ್ಟುಬಿಡುತ್ತಿದ್ದೆ. ಬಿಡುವಾಗಲೆಲ್ಲ ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು. ಈ ಸಲ ಬರೆದಿದ್ದೇನೆ. ನಿನ್ನ ಮದುವೆ ಇರುವುದು ಶ್ರಾವಣದಲ್ಲಿ ಅಂತ ಗೊತ್ತಮ್ಮ. ಸ್ವಲ್ಪ ಮುಂಚೆ ಬರೆದರೆ ನನ್ನನ್ನು ಯಾರೂ ಜೈಲಿಗೆ ಹಾಕುವುದಿಲ್ಲ.

ಇಲ್ಲೇ ಬಿಟ್ಟುಹೋಗಿದ್ದ ಏರ್ ರೈಫಲ್ ಕಳಿಸಿಕೊಡಿ ಅಂತ ನೀನು ಯುಗಾದಿಯ ಹೊತ್ತಿಗೇ ಕೇಳಿದ್ದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದಾಗಲೆಲ್ಲ ರಿಪೇರಿಗೆ ಬೇಕಾದ ರೆಸಿನ್ ಅಂಟು ಸಿಗಲಿಲ್ಲ, ಮಳೆ ಬಂತು ಅಂತ ಏನೋ ಒಂದು ಹೇಳುತ್ತಿದ್ದೆ.

ವೇಣು ತೀರಿಕೊಂಡ ವರ್ಷ ನೀನು ಒಬ್ಬಳೇ ಹೊಸೂರಿನ ಕ್ಲಬ್ಬಿಗೆ ಹೋಗಿ ಬಂದೆಯಲ್ಲ, ಅವತ್ತು ರೈಫಲನ್ನು ಗೋಡೆಗೆ ಒರಗಿಸಿ, “ಮಾವ, ಗುರಿ ನೆಟ್ಟಗೇ ಇಟ್ರೂ ಗುಂಡು ಒಂದೊಂದ್ ಸಲ ಒಂದೊಂದ್ ಕಡೆ ಹೋಗ್ತದೆ. ಅವ್ರ ಜೊತೇಲೇ ನನ್ ಕೈಯೂ ಹೋಗ್ಬುಡ್ತು” ಅಂದೆ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಈಗ ಜಿಲ್ಲಾ ಪಂದ್ಯಕ್ಕೆ ಹೆಸರು ಕೊಟ್ಟಿದ್ದೀಯ ಅಂತ ಕೇಳಿ ಸಂತೋಷವಾಯಿತು. ನಿನ್ನ ಕೈ ಹೋಗಿಲ್ಲ ಕಣಮ್ಮ. ಕಬ್ಬಿಣದ ಭಾಗ ಮರದ ಹಿಡಿಯೊಳಗೆ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು, ಅಷ್ಟೇ. ಒಂದು ಗುಂಡು ಹೊಡೆದರೆ ಅದು ಕೂತ ಜಾಗದಲ್ಲಿ ಮತ್ತೆ ಕೂರುತ್ತಿರಲಿಲ್ಲ.

ಫೋನಿನ ವಿಡಿಯೋದಲ್ಲಿ ಒಬ್ಬ ತಮಿಳಿನಲ್ಲಿ ಇದರ ರಿಪೇರಿ ತೋರಿಸುತ್ತಾನೆ. ಗಾಜಿನ ನಾರು ಕಲಸಿದ ರೆಸಿನ್ನನ್ನು ಮರದ ಗುಳಿಗೆ ಹಾಕಿ, ಅದು ಹಸಿಯಿರುವಾಗಲೇ ಕಬ್ಬಿಣ ಕೂರಿಸಬೇಕು. ಒಣಗಿದರೆ ಕಬ್ಬಿಣದ ಅಚ್ಚು ಅದರಲ್ಲಿ ಮೂಡಿ ಅಲ್ಲಾಟ ನಿಲ್ಲುತ್ತದೆ. ಆದರೆ ಕಬ್ಬಿಣಕ್ಕೆ ಮೊದಲೇ ಮೇಣದ ಪಾಲಿಷ್ ಹಚ್ಚಿರಬೇಕು, ಇಲ್ಲದಿದ್ದರೆ ಎರಡೂ ಅಂಟಿಕೊಂಡುಬಿಡುತ್ತವೆ. ಸೈಕಲ್ ಅಂಗಡಿ ಇಟ್ಟವನಿಗೆ ಇದೇನು ಮಹಾ ಅಂದುಕೊಂಡೆ. ಪಕ್ಕದ ಬಡಗಿ ಆವುಲಪ್ಪನ ಹತ್ತಿರ ಉಳಿ ಕೇಳಲು ಹೋದರೆ, “ಏನ್ಲಾ ನಾರಾಯಣ, ಸೈಕಲ್ ಮುಗೀತು, ಇನ್ ತುಪಾಕಿಗೂ ಪಂಕ್ಚರ್ ಹಾಕ್ತೀಯೇನ್ಲಾ?” ಅಂತ ಅಂಗಡಿಯವರೆಲ್ಲ ನಗುವ ಹಾಗೆ ಕೂಗಿದ.

ಅವನ ಬಾಯಿ ತಾಗಿತೋ ಏನೋ. ಮೊದಲು ಬೇವಿನ ತುಂಡಿನಲ್ಲಿ ಒಂದು ಹಳೇ ಪೈಪು ಕೂರಿಸಿ ಕಲಿಯೋಣ ಅಂತ ಹೊರಟವನು ಪಾಲಿಷ್ ಹಚ್ಚುವುದನ್ನೇ ಮರೆತೆ. ಸುತ್ತಿಗೆಯಲ್ಲಿ ಹೊಡೆದೆ, ಬಿಸಿನೀರು ಸುರಿದೆ, ಅಲುಗಲಿಲ್ಲ. ನಿನ್ನ ಅತ್ತೆ ಬಂದು ನೋಡಿ, “ಚೆನ್ನಾಗ್ ಮದ್ವೆ ಮಾಡ್ಬುಟ್ರಿ ಎರಡ್ಕೂ, ಇನ್ ಬಿಡ್ಸೋರ್ ಯಾರು?” ಅಂತ ನಕ್ಕಳು. ಆ ನಗುವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ಆ ತುಂಡು ಈಗ ಹಿತ್ತಿಲ ಬಾಗಿಲಿಗೆ ಒತ್ತಾಗಿದೆ.

ರೈಫಲ್ಲಿನ ಸರದಿ ಬಂದಾಗ ಪಾಲಿಷ್ಷನ್ನು ಸ್ಕ್ರೂಗಳಿಗೂ ಬಿಡದೆ ಬಳಿದೆ. ಒಳಗಿದ್ದ ಹಳೆಯದನ್ನು ತೆಗೆದು, ಮರ ತರಿಮಾಡಿ, ರೆಸಿನ್ ಹಾಕಿ ಕೂರಿಸಿದೆ. ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಮಾರನೆಯ ದಿನ ತಟ್ಟಿದರೆ ಜಪ್ಪಯ್ಯ ಅನ್ನಲಿಲ್ಲ. ಸೊಸೆಯ ರೈಫಲ್ ಕೆಡಿಸಿದೆನಲ್ಲ ಅಂತ ಪಕ್ಕದ ಅಂಗಡಿಗೆ ಓಡಿದೆ. ಆವುಲಪ್ಪನೇ ಮರದ ಕೊಡತಿ ತಂದು, “ಹಗೂರ್ಕೆ ಕಣ್ಲಾ, ಮಗೂನ ಎಬ್ಬಿಸ್ದಂಗೆ” ಅಂತ ಅಂಚಿಗೆ ತಟ್ಟಿದ. ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ಕಬ್ಬಿಣದ ಒಂದೊಂದು ಏಣೂ ಅಚ್ಚಾಗಿ ಮೂಡಿದೆ. ಮತ್ತೆ ಜೋಡಿಸಿ, ಮರಳಿನ ಚೀಲದ ಮೇಲಿಟ್ಟು ಒಂದು ಕಾಗದಕ್ಕೆ ಹೊಡೆದು ನೋಡಿದೆ. ಎಲ್ಲ ಒಂದೇ ತೂತಿನ ಸುತ್ತ ಬಿದ್ದವು. ನಡುವಿಗಲ್ಲ, ಪಕ್ಕಕ್ಕೆ. ನಡುವಿಗೆ ತರುವ ಕೆಲಸ ನಿನ್ನದು. ಸ್ಕ್ರೂಗಳನ್ನು ಅತಿಯಾಗಿ ಬಿಗಿಯಬೇಡ.

ಭಾನುವಾರ ಶಶಿಕುಮಾರ್ ಬಂದು ತೆಗೆದುಕೊಂಡು ಹೋಗುತ್ತಾರಂತೆ. ಈ ಕಾಗದವನ್ನೂ ಪೆಟ್ಟಿಗೆಯಲ್ಲೇ ಇಡುತ್ತೇನೆ. ಒಳ್ಳೆಯವರಮ್ಮ ನಿನ್ನನ್ನು ಮದುವೆಯಾಗುವ ಹುಡುಗ. ಹೋದ ಸಲ ಬಂದಾಗ ವೇಣುವಿನ ಫೋಟೋ ಕೆಳಗಿನ ಕುರ್ಚಿಯಲ್ಲಿ ಕೂರಲೋ ಬೇಡವೋ ಅಂತ ನಿಂತೇ ಇದ್ದರು. ನಿನ್ನ ಅತ್ತೆ, “ಕೂತ್ಕಳಪ್ಪ, ಅವ್ನೇನೂ ಅನ್ಕಳಾಕಿಲ್ಲ” ಅಂದಳು. ಕೂತರು. ಕಾಫಿ ಆರುವವರೆಗೂ ಕುಡಿಯಲಿಲ್ಲ.

ಇಬ್ಬರೂ ನೂರು ಕಾಲ ಬಾಳಿ. ನೀನು ಈ ಮನೆಗೆ ಸೊಸೆಯಾಗಿ ಬಂದವಳು, ಇನ್ನು ಮುಂದೆ ಮಗಳಾಗಿ ಬಾ. ಉದ್ದನಪಲ್ಲಿಯಲ್ಲಿ ನಿನ್ನ ತಾಯಿಗೆ ನಮ್ಮ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಾವ,
ನಾರಾಯಣಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ರೆಸಿನ್ ಯುಗಾದಿ ಆದ ವಾರವೇ ಸಿಕ್ಕಿತ್ತು. ಹಿಡಿ ಬಿಚ್ಚಿದರೆ ಒಳಗೆ ವೇಣು ಹಿಂದೆ ಯಾವಾಗಲೋ ಒತ್ತಿದ್ದ ಎಂ-ಸೀಲ್ ಅಂಟು ಇತ್ತು. ನಿನ್ನ ಕೈಯಲ್ಲಿ ರೈಫಲ್ ಅಲ್ಲಾಡಬಾರದು ಅಂತ ಅವನೂ ನೋಡಿದ್ದಾನೆ. ಅದರಲ್ಲಿ ಅವನ ಹೆಬ್ಬೆಟ್ಟು ಗೆರೆಗಳ ಸಮೇತ ಮೂಡಿತ್ತು. ಬೆರಳಿನ ಆಕಾರ ಹಿಡಿದಿತ್ತು, ಕಬ್ಬಿಣದ್ದು ಹಿಡಿದಿರಲಿಲ್ಲ. ಗುಂಡು ದಾರಿ ತಪ್ಪುತ್ತಿದ್ದದ್ದು ಅದರಿಂದಲೇ. ತೆಗೆಯದೆ ಹೊಸದು ಹಾಕುವ ಹಾಗಿಲ್ಲ. ಉಳಿ ಹಿಡಿದು ಕೂರುತ್ತಿದ್ದೆ, ಎದ್ದು ಬರುತ್ತಿದ್ದೆ. ಕೊನೆಗೆ ನಿನ್ನ ಅತ್ತೆಯೇ ಬಂದು, “ತೆಗೀರಿ. ಆ ಹುಡ್ಗಿ ಬದುಕ್ಬೇಕು” ಅಂದಳು.

ಚೂರಾಗದ ಹಾಗೆ ಒಂದೇ ಬಿಲ್ಲೆಯಾಗಿ ಎಬ್ಬಿಸಿದೆ. ನ್ಯಾಯವಾಗಿ ಅದು ನಿನಗೆ ಸೇರಬೇಕು. ಆದರೂ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ನಮಗೆ ಬಿಟ್ಟುಬಿಡಮ್ಮ. ನಿನ್ನ ಅತ್ತೆ ಅದನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ. ದೀಪ ಹಚ್ಚುವ ಮೊದಲು ತನ್ನ ಹೆಬ್ಬೆಟ್ಟನ್ನು ಅದರೊಳಗೆ ಇಟ್ಟು ನೋಡುತ್ತಾಳೆ. ಅವಳದು ಸಣ್ಣದು. ಸುತ್ತಲೂ ಜಾಗ ಉಳಿಯುತ್ತದೆ.