ಹಲಗೆಯ ಕೆಳಗಿನ ಮೂರು ಪಟ್ಟಿ

ಲಕ್ಷ್ಮೇಶ್ವರ
ತಾ. ೧೪-೩-೧೯೪೮

ನನ್ನ ಮಗಳಂಥ ಅಮೃತವ್ವನಿಗೆ ನಿನ್ನ ಕಾಕಾ ಮನಸಾರೆ ಮಾಡುವ ಆಶೀರ್ವಾದ.

ಹಮ್ಮಿಗಿಯಿಂದ ನೀನು ಬರೆದ ಕಾಗದ ಮುಟ್ಟಿತು. ನಾಲ್ಕು ತಂತಿಯ ಆ ಪುಟ್ಟ ವಿಲಾಯಿತಿ ವಾದ್ಯ, ಉಕುಲೇಲಿ, ರಿಪೇರಿ ಆಯಿತೇ ಎಂದು ಕೇಳಿದ್ದೀ. ಬಿರಿದ ತಂಬೂರಿಗೆ ಜೀವ ಕೊಡುವವನು ಈ ಸೀಮೆಯಲ್ಲಿ ನನ್ನ ಬಿಟ್ಟರೆ ಯಾರಿದ್ದಾರೆ? ಶಿರಹಟ್ಟಿಯ ಭಜನಿ ಮೇಳದವರು ನನ್ನ ಕಟ್ಟೆಯ ಮೇಲೆ ಸರದಿ ಹಚ್ಚಿ ಕೂಡುತ್ತಾರೆ. ಐದನೇ ಇಯತ್ತೆಗೇ ಶಾಲೆ ಬಿಟ್ಟವನೆಂದು ನಿಮ್ಮಪ್ಪ ನಗುತ್ತಿದ್ದ; ಅವನ ಮನೆಯ ಬಾಗಿಲು ಕಿರ್ ಅನ್ನದೆ ಮುಚ್ಚುವುದು ಈ ಕೈಯಿಂದಲೇ. ಇಷ್ಟು ಬರೆದ ಮೇಲೆ ಮುಂದಿನದನ್ನು ಬರೆಯಲು ಅದೇ ಕೈ ಏಳುತ್ತಿಲ್ಲ.

ತಂಬೂರಿಯ ಮೇಲಿನ ಹಲಗೆಯ ಕೆಳಗೆ ಏನೂ ಇರುವುದಿಲ್ಲವ್ವಾ. ದಪ್ಪ ಹಲಗೆ, ತನ್ನ ಬಲದ ಮೇಲೆ ನಿಲ್ಲುತ್ತದೆ. ನಿಮ್ಮ ಉಕುಲೇಲಿಯ ಬಿರಿದ ಹಲಗೆ ಬಿಚ್ಚಿದಾಗ ಅದರ ಒಳಮೈಗೆ ಮೂರು ಸಣ್ಣ ಕಟ್ಟಿಗೆ ಪಟ್ಟಿ ಅಂಟಿದ್ದವು. ಯಾವನೋ ರಂಗೂನಿನ ಬಡಗಿ ಹಚ್ಚಿದ ತೇಪೆ ಎಂದು ನಕ್ಕೆ. ಕಿತ್ತು, ಕಟ್ಟಿಗೆ ಅಂಟಿಸುವ ಸರೇಸು ಕಾಯಿಸುವ ಒಲೆಗೆ ಹಾಕಿ, ಹಲಗೆಯನ್ನು ಗಾಜಿನಂತೆ ಉಜ್ಜಿ, ಬಿರುಕು ಕೂಡಿಸಿದೆ. ತಂತಿ ಬಿಗಿದ ಮರುದಿನ ನೋಡಿದರೆ ಹಲಗೆ ಹಸಿದ ಹೊಟ್ಟೆಯ ಹಾಗೆ ಒಳಗೆ ಹೋಗಿತ್ತು. ಅವು ತೇಪೆಯಲ್ಲ, ಎಲುಬು.

ಈಗ ಹೊಸ ಹಲಗೆ ಎರಡು ಮಾಡಿದ್ದೇನೆ. ಒಂದಕ್ಕೆ ಮಾಳಿಗೆಯ ಜಂತಿಯಂತೆ ಪಟ್ಟಿಗಳನ್ನು ಅಡ್ಡ ಹಚ್ಚಿದ್ದೇನೆ; ಗಟ್ಟಿ, ಆದರೆ ದನಿ ಹುಟ್ಟಿದಲ್ಲೇ ನಿಲ್ಲುತ್ತದೆ. ಇನ್ನೊಂದಕ್ಕೆ ಬೆರಳು ಅಗಲಿಸಿದ ಹಾಗೆ. ದನಿ ಹೊರಗೆ ಹೋಗಿ ಸ್ವಲ್ಪ ತಿರುಗಾಡಿ ಬರುತ್ತದೆ. ಹಳೆಯವು ಹೇಗಿದ್ದವೋ ನನಗೆ ನೆನಪಿಲ್ಲ. ಆ ವಾದ್ಯ ನುಡಿದದ್ದನ್ನು ನಾನು ಕೇಳಿಯೂ ಇಲ್ಲ.

ದನಿ ಕೂದಲೆಳೆಯಷ್ಟೂ ಬದಲಾಗಬಾರದು ಎಂದು ಬರೆದಿದ್ದೀ. ನಿನ್ನ ಸಂಕಟ ಗೊತ್ತು. ಬರ್ಮಾ ಯುದ್ಧದಿಂದ ಬಂದಾಗಿನಿಂದ ನಿನ್ನ ಗಂಡ ಕಳಕಪ್ಪ ಯಾರೊಡನೆಯೂ ಸರಿಯಾಗಿ ಮಾತಾಡಿಲ್ಲ. ಅಲ್ಲಿ ಸತ್ತ ಗೆಳೆಯ ಯಮನೂರಸಾಬನ ಈ ವಾದ್ಯವನ್ನು ಬಾರಿಸುತ್ತ ಕೂಡುತ್ತಿದ್ದ. ಅದು ಬಿರಿದ ಮೇಲೆ ಹೊಳೆಯ ದಂಡೆಯಲ್ಲಿ ಕೂಡುತ್ತಾನೆ. ಮೊದಲಿನಂತೆ ನುಡಿಯದಿದ್ದರೆ ಮನೆ ಬಿಟ್ಟೇ ಹೋದಾನು ಎಂದು ನಿನ್ನ ಹೆದರಿಕೆ.

ಊರಿಗೆ ಊರೇ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮಾತಿನಲ್ಲಿದೆ. ನಾನು ಗೇಣುದ್ದದ ಎರಡು ಹಲಗೆಗಳನ್ನು ಬಡಿದು ಬಡಿದು ಕಿವಿಗೊಡುತ್ತ ಕೂತಿದ್ದೇನೆ. ನನಗೇನೋ ಬಡಿದಿದೆ ಎಂದು ನಿನ್ನ ಕಾಕಿ ದೃಷ್ಟಿ ತೆಗೆದಿದ್ದಾಳೆ. ಆ ದನಿ ಬಲ್ಲವರು ನೀವಿಬ್ಬರೇ. ಕಳಕಪ್ಪನಿಗೆ ತಿಳಿಸದೆ ನೀನೊಬ್ಬಳೇ ಬಂದು ಕೇಳಿ ಆರಿಸು. ಕಾಕಾಗೆ ಜ್ವರ ಎಂದು ಹೇಳಿ ಬಾ, ಅದು ಪೂರಾ ಸುಳ್ಳೂ ಅಲ್ಲ.

ನಿನ್ನ ದಾರಿ ಕಾಯುವ ಕಾಕಾ,
ಸಕ್ರಪ್ಪ

ತಾ.ಕ.: ಕಾಗದ ಟಪಾಲಿಗೆ ಹಾಕುವ ಮೊದಲೇ ಕಳಕಪ್ಪ ಬಂದ, ನಿನಗೆ ಹೇಳದೆ. ಮುಚ್ಚಿಡಲು ಆಗಲಿಲ್ಲ, ಎರಡೂ ಹಲಗೆ ಮುಂದಿಟ್ಟೆ. ಉಗುರಿನಿಂದ ಬಡಿದು ನೋಡಿದ. ಅಡ್ಡಪಟ್ಟಿಯದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೂತ. ಹಳೆಯ ದನಿ ಸಿಕ್ಕಿತೆಂದು ನಾನು ಹಿಗ್ಗಿದೆ. ಅವನು ಅದನ್ನು ನನ್ನ ಕೈಗೆ ತಿರುಗಿ ಕೊಟ್ಟು, "ಇದು ಯಮನೂರಸಾಬನ ದನಿ ಐತ್ರಿ ಮಾವಾ. ಇದು ಬ್ಯಾಡ. ಕೇಳಾಕ ಆಗಲಾರದ್ದಕ್ಕ ಆ ಹಳೇ ಹಲಗಿ ನಾನ ಹೆಬ್ಬಟ್ಟಿಲೆ ಒತ್ತಿ ಒಡದಿದ್ದೆನ್ರಿ" ಎಂದ.

ಬೆರಳಿನಂತೆ ಪಟ್ಟಿ ಹಚ್ಚಿದ್ದನ್ನೇ ಕೂಡಿಸುತ್ತಿದ್ದೇನೆ. ನೀನು ಬರೆದಂತೆ ಮಾಡಲಿಲ್ಲವೆಂದು ಸಿಟ್ಟಾಗಬೇಡ. ಅವನು ಇಲ್ಲೇ ಒಲೆಯ ಮುಂದೆ ಸರೇಸು ತಿರುವುತ್ತ ಕೂತಿದ್ದಾನೆ.