ಎಡಗಡೆ ರೂಬೆನ್

ಜನವರಿ ೯, ಮಧ್ಯಾಹ್ನ

ಎಡಗಣ್ಣಿನ ಹೊರಗಿನ ಕೆಳಮೂಲೆ ಕುರುಡು. ಎರಡು ವರ್ಷದಿಂದ. ಯಾರಿಗೂ ಹೇಳಿಲ್ಲ. ಅಮ್ಮನಿಗೂ. ಇಲ್ಲಿ ಬರೆದೆ. ಬರೆದ ಮೇಲೂ ಏನೂ ಆಗಲಿಲ್ಲ. ಹೀಟರ್ ಗುರ್ರೆನ್ನುತ್ತಿದೆ, ಅದರ ಮೇಲೆ ಕಾಲುಚೀಲ ಒಣಗುತ್ತಿದೆ.

ಬೆಳಿಗ್ಗೆ ಐಸ್ ಹಾಕಿ ಅಭ್ಯಾಸ. ಆಮೇಲೆ ಸ್ಟಿಕ್‌ಗೆ ಟೇಪ್ ಸುತ್ತುತ್ತ ಕೂತಿದ್ದೆ. ರೂಬೆನ್ ಎಂದಿನಂತೆ ಎಡಗಡೆ ಕೂತು ಮುಲುಕುತ್ತ ಸ್ಕೇಟ್ ಬಿಚ್ಚುತ್ತಿದ್ದ. ಅವನಿಗೆ ಮೂವತ್ತೈದು, ನನಗೆ ಇಪ್ಪತ್ತು. ಡಿಫೆನ್ಸ್‌ನಲ್ಲಿ ನಾವಿಬ್ಬರು ಜೋಡಿ. ಐಸ್‌ಗೆ ಒಟ್ಟಿಗೆ ಇಳಿದು ಒಟ್ಟಿಗೆ ಹತ್ತುತ್ತೇವೆ.

ಕಣ್ಣಿನ ವಿಷಯ. ಹದಿನೆಂಟು ತುಂಬುವವರೆಗೆ ಹೆಲ್ಮೆಟ್ಟಿಗೆ ತಂತಿಜಾಲರಿ. ತುಂಬಿದ ದಿನ ನಮ್ಮ ತಂಡದ ಕೋಣೆಯಲ್ಲೊಂದು ಪದ್ಧತಿ: ಜೋಡಿಯವನೇ ಸ್ಕ್ರೂ ಬಿಚ್ಚಿ ಜಾಲರಿ ತೆಗೆಯಬೇಕು, ಉಳಿದವರು ಸ್ಟಿಕ್‌ನಿಂದ ನೆಲ ಕುಟ್ಟಬೇಕು. ರೂಬೆನ್ ಬಿಚ್ಚಿದ. “ಇನ್ಮೇಲೆ ಮೂತಿ ನಿಂದು, ಹಲ್ಲೂ ನಿಂದೇ ಕಣೋ ಮೆಲ್ಕರ್” ಅಂದ. ಅರ್ಧ ಮುಖದ ಗಾಜು ಹಾಕಿಕೊಂಡು ರಾಜನಂತೆ ಐಸ್‌ಗಿಳಿದೆ. ತಿಂಗಳೊಳಗೆ ಬೇರೆ ಊರಿನ ಪಂದ್ಯದಲ್ಲಿ ಯಾರದೋ ಸ್ಟಿಕ್ ಗಾಜಿನಡಿಯಿಂದ ಮೇಲೆ ಬಂತು. ವಾರವಿಡೀ ಕಣ್ಣು ನೀಲಿ. ಆಮೇಲೆ ಊತ ಇಳಿಯಿತು. ಆ ಮೂಲೆ ಮಾತ್ರ ಮರಳಿ ಬರಲಿಲ್ಲ. ಬಲಗಣ್ಣು ಎಷ್ಟು ಒಳ್ಳೆಯದಾದರೂ ಮೂಗು ದಾಟಿ ನೋಡಲಾರದು.

ಶಾಲೆ ಬಿಟ್ಟಾಗಿತ್ತು. ಹಾಕಿ ಬಿಟ್ಟರೆ ಬೇರೇನಿತ್ತು?

ಜನವರಿ ೨೦

ಸೋಮವಾರ. ವಿಡಿಯೋ ಸಭೆ. ಶನಿವಾರ ಬಿಟ್ಟುಕೊಟ್ಟ ಎರಡು ಗೋಲುಗಳನ್ನು ಕೋಚ್ ಸಿಕ್ಸ್‌ಟೆನ್ ಮತ್ತೆ ಮತ್ತೆ ತೋರಿಸಿದರು. ಎರಡೂ ಎಡಗಡೆಯಿಂದ. ಎರಡರಲ್ಲೂ ರೂಬೆನ್.

“ರೂಬೆನ್, ಇದೇನು? ಬಸ್ಸಿಗೆ ಕಾಯ್ತಿದ್ಯಾ?”

“ಹೌದು ಕೋಚ್. ಅದೂ ಲೇಟು.”

ಎಲ್ಲರೂ ನಕ್ಕರು. ಸಿಕ್ಸ್‌ಟೆನ್ ನಗಲಿಲ್ಲ.

ನಾವಿಬ್ಬರೂ ಬಲಗೈ ಆಟಗಾರರು. ಒಬ್ಬ ತಪ್ಪು ಬದಿಯಲ್ಲಿ, ಎಡಗಡೆ, ನಿಲ್ಲಲೇಬೇಕು. ಗೋಡೆ ಸವರಿಕೊಂಡು ಬಂದ ಪಕ್ ಬಿಲ್ಲೆಯನ್ನು ಸ್ಟಿಕ್‌ನ ಬೆನ್ನಿನಿಂದ ತಡೆಯುವ ಕಷ್ಟದ ಬದಿ ಅದು. ಹಿರಿಯನಿಗೆ ಸರಿ ಬದಿ, ಕಿರಿಯನಿಗೆ ತಪ್ಪು ಬದಿ. ಎಲ್ಲ ಕಡೆಯೂ ಹಾಗೇ. ಎರಡು ವರ್ಷದ ಹಿಂದೆ ರೂಬೆನ್ ತಾನಾಗಿ ಎಡಗಡೆ ಕೇಳಿಕೊಂಡ. “ಬೇಜಾರು ಬಂದಿದೆ, ಹೊಸ ಗಾಳಿ ಬೇಕು” ಅಂದ. ಮುದುಕನಿಗೆ ತಲೆ ಕೆಟ್ಟಿದೆ ಅಂತ ಕೋಣೆಯೆಲ್ಲ ನಕ್ಕಿತ್ತು. ನಾನೂ.

ಅಲ್ಲಿಂದ ನಾನು ಚೆನ್ನಾಗಿ ಆಡತೊಡಗಿದೆ. ಅವನು ಕೆಟ್ಟದಾಗಿ.

ಫೆಬ್ರವರಿ ೩, ಸಂಜೆ

ದಕ್ಷಿಣದ ದೊಡ್ಡ ಕ್ಲಬ್ ನನ್ನನ್ನು ಕೇಳಿದೆ. ಮೇಲಿನ ಲೀಗ್. ಮೂರು ವರ್ಷದ ಒಪ್ಪಂದ. ಅಮ್ಮ ವೃದ್ಧರ ಮನೆಯ ಕೆಲಸ ಮುಗಿಸಿ ಬರುವಾಗ ಕೆನೆ ತುಂಬಿದ ಬನ್ ತಂದಳು.

“ನಿನ್ನ ಶಾಲೆ ಮೇಷ್ಟ್ರಿಗೆ ಫೋನ್ ಮಾಡ್ಲಾ? ‘ನಿಮ್ಮ ದಡ್ಡ ಶಿಖಾಮಣಿ ನೋಡಿ’ ಅಂತ?”

“ಬೇಡ ಅಮ್ಮ.”

“ನಂಗೆ ಮಾಡ್ಬೇಕು ಅನ್ನಿಸ್ತಿದೆ ಕಣೋ.”

ಅವಳು ಇಷ್ಟು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತು. ಅರ್ಧ ಬನ್ ತಟ್ಟೆಯಲ್ಲೇ ಬಿಟ್ಟೆ.

ಫೆಬ್ರವರಿ ೪

ರೂಬೆನ್‌ಗೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲವಂತೆ. ಹದಿನೈದು ವರ್ಷ ಇದೇ ಕೋಣೆಯಲ್ಲಿ ಕೂತವನು. “ನಿಧಾನವಾಗಿದ್ದಾನೆ” ಅಂದರಂತೆ.

ಅವನು ನನ್ನ ಬೆನ್ನಿಗೆ ಹೊಡೆದು, “ಭೇಷ್ ಮರಿ. ದಕ್ಷಿಣದಲ್ಲಿ ಹಿಮ ಇಲ್ಲ, ಛತ್ರಿ ತಗೊಂಡು ಹೋಗು” ಅಂದ.

ಫೆಬ್ರವರಿ ೧೬, ಭಾನುವಾರ

ಹೆಪ್ಪುಗಟ್ಟಿದ ಕೆರೆಯ ಮೇಲೆ ರೂಬೆನ್ ಜೊತೆ ಮೀನು ಹಿಡಿಯಲು ಹೋಗಿದ್ದೆ. ಹಿಮಸಾರಂಗದ ಚರ್ಮ ಹಾಸಿ, ತೂತು ಕೊರೆದು ಕೂತೆವು. ಮೀನು ಬರಲಿಲ್ಲ. ಹೇಳಿಬಿಟ್ಟೆ. ಕಣ್ಣು, ಸ್ಟಿಕ್, ಡಾಕ್ಟರ ಮುಂದೆ ಕತ್ತು ತಿರುಗಿಸಿ ತಿರುಗಿಸಿ ಪಾಸಾದದ್ದು, ಎಲ್ಲ.

ಅವನು ದಾರ ಕುಣಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು.”

“ಏನು ಗೊತ್ತು?”

“ಆ ಚಳಿಗಾಲ ಮೂರು ಸಲ ನನ್ನ ಕಾಫಿ ಚೆಲ್ಲಿದೆ ನೀನು. ಮೂರು ಸಲವೂ ನಿನ್ನ ಎಡಗಡೆ ಇಟ್ಟಿದ್ದು. ಕಾಫಿ ಚೆಲ್ಲೋನ ಮೇಲೆ ಯಾರಾದ್ರೂ ಕಣ್ಣಿಡ್ತಾರೋ ಇಲ್ವೋ?”

“ಅದಕ್ಕೇನಾ ಬದಿ ಬದಲಾಯಿಸಿದ್ದು? ನನ್ನ ಕುರುಡು ಬದಿಗೆ ನೀನು ನಿಲ್ಲೋಕೆ?”

“ಹೊಸ ಗಾಳಿ ಅಂದಿದ್ನಲ್ಲ.”

“ಸಿಕ್ಸ್‌ಟೆನ್‌ಗೆ ಹೇಳ್ತೀನಿ. ಆ ಗೋಲುಗಳು ನಿನ್ನ ತಪ್ಪಲ್ಲ.”

ಆಗ ದಾರ ಕೈಬಿಟ್ಟ. “ಬಾಯಿ ಮುಚ್ಕೊಂಡಿರು. ನನ್ನ ಆಟ ಮುಗೀತು. ಹೇಗೂ ಮುಗೀತಿತ್ತು. ಹೋಗೋ ಮುಂಚೆ ಒಬ್ಬನ್ನ ಮೇಲೆ ಹತ್ತಿಸಿದೆ ಅಂತಾದ್ರೂ ಇರ್ಲಿ. ಸಹಿ ಹಾಕು.”

ಬಾಯಿ ಮುಚ್ಚಿಕೊಂಡೆ. ಸಹಿ ಹಾಕಿಲ್ಲ. ಹಾಕುವುದಿಲ್ಲ ಅಂತಲೂ ಹೇಳಿಲ್ಲ.

ಮಾರ್ಚ್ ೧೨

ಬರೆಯಲಾಗುತ್ತಿಲ್ಲ.

ಮಾರ್ಚ್ ೧೪

ಬರೆಯಬೇಕು.

ಮೊನ್ನೆ ಕೊನೆಯ ಹಂತದ ಪಂದ್ಯ, ನಮ್ಮ ಐಸ್ ಅಂಗಳದಲ್ಲೇ. ಮೂರನೇ ಅವಧಿ. ಆಟಗಾರರ ಅದಲುಬದಲಿನ ಗಡಿಬಿಡಿಯಲ್ಲಿ ನಾನು ಎಡಗಡೆಗೆ ಹೋಗಿಬಿಟ್ಟಿದ್ದೆ, ರೂಬೆನ್ ಬಲಗಡೆ. “ಮೆಲ್ಕರ್, ಕಾಲ ಹತ್ರ!” ಅಂತ ಕೂಗಿದ. ಪಕ್ ನನ್ನ ಎಡ ಸ್ಕೇಟಿಗೆ ಒಂದು ಗೇಣು ದೂರದಲ್ಲಿತ್ತಂತೆ. ನನಗೆ ಬರೀ ಬಿಳಿ ಐಸ್. ಎದುರಾಳಿ ಅದರ ಮೇಲೆ ಎರಗುತ್ತಿದ್ದ. ರೂಬೆನ್ ಅಡ್ಡ ಹಾದು ಬಂದು ಪಕ್ ಹೊರಗೆ ತಳ್ಳಿದ. ಆ ಎದುರಾಳಿ ಅವನನ್ನು ಗೋಡೆಗೆ ಒತ್ತಿದ. ಮೋಸದ ಹೊಡೆತವಲ್ಲ. ಸರಿಯಾದ ಹೊಡೆತವೇ. ಮಂಡಿ ಮಾತ್ರ ತಿರುಗಬಾರದ ಕಡೆ ತಿರುಗಿತು.

ಅವನು ಕಿರುಚಲಿಲ್ಲ. ಐಸ್ ಮೇಲೆ ಮಲಗಿಕೊಂಡೇ ನನ್ನನ್ನು ಹುಡುಕಿದ. “ಗೋಲ್ ಆಯ್ತಾ?”

“ಇಲ್ಲ.”

“ಸರಿ ಹಾಗಾದ್ರೆ.”

ಸ್ಟ್ರೆಚರ್ ಹೋಗುವಾಗ ಜನರೆಲ್ಲ ಎದ್ದು ನಿಂತರು. ಇನ್ನು ಅವನು ಎಲ್ಲೂ ಆಡುವುದಿಲ್ಲ. ಕೆಳಗಿನ ಲೀಗಿನಲ್ಲೂ ಇಲ್ಲ.

ಮಾರ್ಚ್ ೧೫

ಸಿಕ್ಸ್‌ಟೆನ್ ಕೋಣೆಗೆ ಹೋಗಿ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದರು.

“ಇದು ನಿನಗೂ ನನಗೂ ಬಿಟ್ಟು ಇನ್ಯಾರಿಗೆ ಗೊತ್ತು?”

“ರೂಬೆನ್‌ಗೆ.”

“ಅವನು ಹೇಳಲ್ಲ. ನೀನೂ ಇಲ್ಲಿಗೆ ಬಂದೇ ಇಲ್ಲ ಅಂದ್ಕೋ. ಯಾರಿಗೆ ಏನು ಲಾಭ ಹೇಳು? ಅವನ ಮಂಡಿ ವಾಪಸ್ ಬರುತ್ತಾ?”

“ಬರಲ್ಲ. ಆದ್ರೆ ಅಲ್ಲೂ ನನ್ನ ಎಡಗಡೆ ಒಬ್ಬ ನಿಲ್ತಾನೆ, ಕೋಚ್. ಅವನಿಗೂ ಮಂಡಿ ಇದೆ.”

ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಕಡೆ ತಿರುಗಿದರು. ಆಮೇಲೆ ಕೇಳಿದರು, “ಹಾಗಾದ್ರೆ ಆ ವಿಡಿಯೋಗಳು…”

“ಹೌದು.”

“ಅಯ್ಯೋ ದೇವರೇ. ನಾನು ಅವನನ್ನ ಬಸ್ಸಿಗೆ ಕಾಯ್ತಿದ್ಯಾ ಅಂತ…”

ದಕ್ಷಿಣದ ಕ್ಲಬ್ಬಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಮರ್ಯಾದೆಯಿಂದಲೇ ಒಪ್ಪಂದ ಕೈಬಿಟ್ಟರು. ಅದು ಇನ್ನೂ ಕಷ್ಟವಾಯಿತು.

ಅಮ್ಮನಿಗೆ ಅಡುಗೆಮನೆಯಲ್ಲಿ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಎಡಗಣ್ಣನ್ನೇ ನೋಡಿದಳು. ಹೊರಗಿನಿಂದ ಏನೂ ಕಾಣುವುದಿಲ್ಲ. “ಎರಡು ವರ್ಷ ನನ್ನೆದುರಿಗೇ ಊಟ ಮಾಡಿದ್ಯಲ್ಲೋ” ಅಂದಳು. ಅಷ್ಟೇ.

ಮಾರ್ಚ್ ೧೭

ಆಸ್ಪತ್ರೆಗೆ ಹೋಗಿದ್ದೆ. ರೂಬೆನ್‌ನ ಕಾಲು ಮೇಲೆತ್ತಿ ಕಟ್ಟಿದ್ದಾರೆ. ಸುದ್ದಿ ಆಗಲೇ ಮುಟ್ಟಿತ್ತು.

“ಮಂಡಿ ಹೋಯ್ತು. ಹೋಗ್ಲಿ. ಅದಕ್ಕೊಂದು ಅರ್ಥ ಇತ್ತು, ಮೆಲ್ಕರ್. ನನ್ನ ಹತ್ರ ಅದೊಂದೇ ಉಳಿದಿತ್ತು. ಅದನ್ನೂ ಕಿತ್ಕೊಂಡ್ಯಲ್ಲೋ.”

“ರೂಬೆನ್…”

“ಹೋಗು.”

ಬಂದೆ. ಅವನು ಹೇಳಿದ್ದು ನಿಜ. ನಾನು ಮಾಡಿದ್ದೂ ಸರಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೋ ಗೊತ್ತಾಗುತ್ತಿಲ್ಲ.

ಏಪ್ರಿಲ್ ೮

ಕಣ್ಣಿನ ಡಾಕ್ಟರು. ನನ್ನಮ್ಮನ ವಯಸ್ಸಿನವರು. ಒಳಪರದೆ ಹರಿದು ವಾಸಿಯಾಗಿದೆಯಂತೆ, ತಪ್ಪಾಗಿ ವಾಸಿಯಾಗಿದೆ. ಇನ್ನು ಸರಿಹೋಗುವುದಿಲ್ಲ. “ಆಗಲೇ ಬಂದಿದ್ದರೆ?” ಅಂತ ಕೇಳಿದೆ. “ಆ ಪ್ರಶ್ನೆ ಬೇಡಪ್ಪ” ಅಂದರು.

ವಾಪಸ್ಸು ಬಸ್ಸಿನಲ್ಲಿ ಎಡಕಿಟಕಿಯ ಪಕ್ಕ ಕೂತೆ. ಹೊರಗೆ ಕಾಡು, ಕರಗುತ್ತಿರುವ ಹಿಮ. ತಲೆ ತಿರುಗಿಸಿದರೆ ಎಲ್ಲ ಇತ್ತು.

ರೂಬೆನ್‌ನಿಂದ ಒಂದು ಮಾತೂ ಇಲ್ಲ.

ಏಪ್ರಿಲ್ ೨೭, ಸಂಜೆ

ತಂಡದ ಕೋಣೆಯಲ್ಲಿದ್ದ ನನ್ನ ಪೆಟ್ಟಿಗೆ ಖಾಲಿ ಮಾಡಲು ಐಸ್ ಅಂಗಳಕ್ಕೆ ಹೋಗಿದ್ದೆ. ಐಸ್ ಕರಗಿಸಿಬಿಟ್ಟಿದ್ದಾರೆ. ಬರೀ ಸಿಮೆಂಟ್ ನೆಲ, ಅಲ್ಲಲ್ಲಿ ನೀರು. ಅಷ್ಟು ಚಿಕ್ಕದಿತ್ತೇ ಇದು?

ಪೆಟ್ಟಿಗೆಯ ತಳದಲ್ಲಿ ಆ ಹಳೆಯ ಜಾಲರಿ ಸಿಕ್ಕಿತು. ಕೈಯಲ್ಲಿ ಹಿಡಿದು ಕೂತಿದ್ದೆ. ಕಾರಿಡಾರಿನಲ್ಲಿ ಟಕ್, ಟಕ್. ಊರುಗೋಲು. ರೂಬೆನ್. ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದಳಂತೆ. ಬಂದವನೇ ನನ್ನ ಎಡಗಡೆ, ತನ್ನ ಜಾಗದಲ್ಲಿ ಕೂತ. ಜೋಲುತ್ತಿದ್ದ ಜೇಬಿನಿಂದ ಫ್ಲಾಸ್ಕ್, ಎರಡು ಲೋಟ ತೆಗೆದ.

“ನಿನ್ನಮ್ಮ ಹೇಳಿದ್ಳು. ಉಮೆಯೊ ಪಟ್ಟಣಕ್ಕೆ ಹೋಗ್ತಿದ್ಯಂತೆ.”

“ಚಿಕ್ಕಮ್ಮನ ಬೇಕರೀಲಿ ಕೆಲಸ. ಆಗಸ್ಟ್‌ನಿಂದ, ಬಿಟ್ಟ ಓದು ಮುಗಿಸೋಕೆ, ದೊಡ್ಡವರ ಶಾಲೆ.”

“ನೀನು? ಶಾಲೆಗೆ?” ನಗು ಬಂದಿತ್ತು, ತಡೆದುಕೊಂಡ. “ಎಡತುದಿಯ ಬೆಂಚಲ್ಲಿ ಕೂತ್ಕೊ. ಆಗ ಎಲ್ಲರೂ ಬಲಗಡೆ ಇರ್ತಾರೆ.”

“ಇನ್ನೂ ಕೋಪ ಇದೆಯಾ?”

“ಇದೆ.”

“ಹೂಂ.”

“ಸಿಕ್ಸ್‌ಟೆನ್ ಮನೆಗೆ ಬಂದಿದ್ರು. ಕ್ಷಮೆ ಕೇಳಿದ್ರು. ಹದಿನೈದು ವರ್ಷದಲ್ಲಿ ಮೊದಲ ಸಲ.” ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, “ಮೀನು ಕೊಟ್ಟು ಕಳಿಸ್ದೆ.”

ಕಾಫಿ ಬಗ್ಗಿಸಿದ. ಮಂಡಿ ಬಾಗದು. ಆದರೂ ಮೈಯೆಲ್ಲ ಮುರಿದುಕೊಂಡು, ನನ್ನ ಮುಂದಿನಿಂದ ಕೈ ಚಾಚಿ, ಲೋಟವನ್ನು ನನ್ನ ಬಲಗಡೆ ಇಟ್ಟ. ಆಗ ಹೊಳೆಯಿತು. ಎರಡು ವರ್ಷದಿಂದ ಅವನು ನನಗೆ ಕೊಟ್ಟದ್ದೆಲ್ಲ ಬಲಗಡೆಗೇ ಬಂದಿತ್ತು. ನೀರಿನ ಬಾಟಲಿ, ಟೇಪ್, ಟವೆಲ್, ಎಲ್ಲ.

ಕುಡಿದೆವು. ಒಂದು ಹನಿಯೂ ಚೆಲ್ಲಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಊರುಗೋಲಿನಿಂದ ನೆಲ ಕುಟ್ಟಿದ. ಒಬ್ಬನೇ. ಖಾಲಿ ಕೋಣೆಯಲ್ಲಿ ಆ ಸದ್ದು…

ಚೀಲ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.